ಏಕವ್ಯಕ್ತಿ ಪ್ರದರ್ಶನಕ್ಕೆ ಮ್ಯೂಸಿಯಂ ಗೋಡೆಯೇ ಯಾಕೆ ಬೇಕು?

ನಮಸ್ಕಾರ. ನೀವು ಕೊಪ್ಪಳದ ಕಡೆಯವರು. ಸುಮಾರು ವರ್ಷಗಳಿಂದ ಚಿತ್ರ ಬರೆಯುತ್ತಿದ್ದೀರಿ. ಗ್ರೂಪ್ ಶೋ, ಕಲಾ ಶಿಬಿರ ಎಲ್ಲ ಆಗಿದೆ. ಮ್ಯೂಸಿಯಂಗಳು ಆಯಾ ನಾಡಿನ ಕಲಾವಿದರನ್ನು ಕರೆದು ಏಕವ್ಯಕ್ತಿ ಪ್ರದರ್ಶನ ಮಾಡಿಸುತ್ತವಂತೆ, ಅದಕ್ಕೆ ಅಷ್ಟು ಬೆಲೆ ಯಾಕೆ, ಇನ್‌ಸ್ಟಾಗ್ರಾಮ್ ಇರುವಾಗ ಅದು ಬೇಕಾ, ನಮ್ಮಂಥವರಿಗೆ ಸಿಗುತ್ತಾ ಅಂತ ಕೇಳಿದ್ದೀರಿ.

ಬೇಕು. ಸಿಗುತ್ತದೆ ಕೂಡ, ಆದರೆ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ನಾನು ಬೆಂಗಳೂರಿನಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ, ನನ್ನ ಚಿತ್ರಗಳನ್ನೂ ಸರ್ಕಾರಿ ಗ್ಯಾಲರಿಯ ಗೋಡೆಗೆ ಹಾಕಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಆದರೂ ಗೊತ್ತಿರುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಗ್ರೂಪ್ ಶೋ ವಿಷಯ. ಅದು ಕೆಟ್ಟದ್ದೇನಲ್ಲ, ಪರಿಚಯ ಆಗುತ್ತದೆ, ಖರ್ಚು ಹಂಚಿಹೋಗುತ್ತದೆ. ಆದರೆ ಅಲ್ಲಿ ನಿಮ್ಮದು ಒಂದೋ ಎರಡೋ ಚಿತ್ರ. ಪಕ್ಕದಲ್ಲಿ ಯಾರದೋ ದೊಡ್ಡ ಕ್ಯಾನ್ವಾಸ್, ಕಣ್ಣಿಗೆ ಹೊಡೆಯುವ ಬಣ್ಣ. ಬಂದವರ ಕಣ್ಣು ಅತ್ತ ಹೋಗುತ್ತದೆ. ಮೆಲ್ಲಗೆ ಮಾತಾಡುವ ಚಿತ್ರ ಅಲ್ಲಿ ಸೋತೇ ಸೋಲುತ್ತದೆ. ಇದರ ಪರಿಣಾಮ ಇನ್ನೂ ಕೆಟ್ಟದ್ದು. ಮುಂದಿನ ಸಲ ನಾವೂ ಕಣ್ಣಿಗೆ ಹೊಡೆಯುವ ಚಿತ್ರವನ್ನೇ ಆರಿಸಿ ಕಳಿಸುತ್ತೇವೆ, ನಿಧಾನವಾಗಿ ಅದನ್ನೇ ಬರೆಯುವುದು ಅಭ್ಯಾಸ ಆಗಿಬಿಡುತ್ತದೆ.

ಒಬ್ಬರದ್ದೇ ಕೆಲಸ ಒಂದು ಕೋಣೆಯಲ್ಲಿ ಇದ್ದರೆ ಹಾಗಾಗುವುದಿಲ್ಲ. 2018ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ, ಅಂದರೆ ಬೆಂಗಳೂರಿನ ಎನ್‌ಜಿಎಂಎದಲ್ಲಿ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ), ಎಸ್.ಜಿ. ವಾಸುದೇವ್ ಅವರ ದೊಡ್ಡ ಪ್ರದರ್ಶನ ನಡೆಯಿತು. ಮೈಸೂರಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಕಲಿತು, ಆ ಊರಿನ ಹತ್ತಿರ ಕಲಾವಿದರೇ ಸೇರಿ ಕಟ್ಟಿಕೊಂಡ ಚೋಳಮಂಡಲ ಕಲಾಗ್ರಾಮದಲ್ಲಿ ಇದ್ದು ಬಂದವರು. ಅವರ 'ವೃಕ್ಷ' ಸರಣಿಯ ಒಂದೊಂದು ಚಿತ್ರವನ್ನು ಅಲ್ಲಿ ಇಲ್ಲಿ ನೋಡಿದವರು ಬಹಳ ಜನ ಇದ್ದಾರೆ. ಆದರೆ ಐದು ದಶಕದ ಕೆಲಸ ಒಟ್ಟಿಗೆ ಇದ್ದಾಗ ಮಾತ್ರ ಕಾಣುವ ವಿಷಯ ಬೇರೆ: ಮೊದಲು ಬಣ್ಣದಲ್ಲಿದ್ದ ಮರ, ಆಮೇಲೆ ತಾಮ್ರದ ತಗಡಿನ ಮೇಲೆ ಉಬ್ಬಿ ಬರುತ್ತದೆ, ಮುಂದೆ ನೇಕಾರರ ಜೊತೆ ಸೇರಿ ಮಾಡಿದ ರೇಷ್ಮೆ ನೇಯ್ಗೆಗೂ ಅವರ ಗೆರೆ ಇಳಿಯುತ್ತದೆ. ಅಲ್ಲಿ ಗೆರೆ ಮೆತ್ತಗಾಗಿದೆ, ಯಾಕೆಂದರೆ ನೂಲಿಗೆ ಚೂಪಾಗಿ ತಿರುಗಲು ಆಗುವುದಿಲ್ಲ. ಒಬ್ಬ ಮನುಷ್ಯ ಒಂದೇ ವಿಷಯವನ್ನು ಬಿಡದೆ ಹಿಡಿದುಕೊಂಡು ಎಲ್ಲಿಗೆಲ್ಲ ಹೋದ ಅಂತ ಗೊತ್ತಾಗುವುದು ಹೀಗೆ ನೋಡಿದಾಗಲೇ. ಫೋನಿನಲ್ಲಿ ಒಂದಾದ ಮೇಲೊಂದು ತಳ್ಳುತ್ತಾ ಹೋದರೆ ಇದು ತಿಳಿಯುವುದಿಲ್ಲ. ಅಲ್ಲಿ ಎಲ್ಲ ಚಿತ್ರವೂ ಅಂಗೈ ಅಗಲ, ತಾಮ್ರವೂ ರೇಷ್ಮೆಯೂ ಒಂದೇ ಗಾಜು.

ಇಷ್ಟು ಹೇಳಿದ ಮೇಲೆ ಒಂದು ವ್ಯತ್ಯಾಸ ತಿಳಿಸಬೇಕು. ಮ್ಯೂಸಿಯಂನಲ್ಲಿ ಏಕವ್ಯಕ್ತಿ ಪ್ರದರ್ಶನ ಅಂದರೆ ಎಲ್ಲವೂ ಒಂದೇ ಅಲ್ಲ. ವಾಸುದೇವ್ ಅವರದ್ದು ಜೀವಮಾನದ ಕೆಲಸದ ಹಿನ್ನೋಟ. ಅದು ಹಿರಿಯರಿಗೆ ಸಲ್ಲುವಂಥದ್ದು. ಇನ್ನೊಂದು, ಮ್ಯೂಸಿಯಂ ತಾನೇ ಒಬ್ಬ ಕಲಾವಿದರನ್ನು ಆರಿಸಿ, ಜಾಗ ಕೊಟ್ಟು, ಹೊಸ ಕೆಲಸ ಮಾಡಿ ಅಂತ ಕರೆಯುವುದು. ಮೂರನೆಯದು, ಸರ್ಕಾರಿ ಮ್ಯೂಸಿಯಂ ತನ್ನ ಹಾಲ್ ಅನ್ನು ಕಡಿಮೆ ಬಾಡಿಗೆಗೆ ಕಲಾವಿದರಿಗೆ ಬಿಟ್ಟುಕೊಡುವುದು. ಪತ್ರಿಕೆಯವರು ಬರೆಯುವುದೆಲ್ಲ ಮೊದಲ ಎರಡರ ಬಗ್ಗೆ. ನನ್ನ ಮಟ್ಟಿಗೆ ನಿಮ್ಮಂಥ, ನನ್ನಂಥ ಕಲಾವಿದರನ್ನು ಬದುಕಿಸಿದ್ದು ಮೂರನೆಯದು.

ಅದಕ್ಕೆ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗಿಂತ ಒಳ್ಳೆ ಉದಾಹರಣೆ ಕರ್ನಾಟಕದಲ್ಲಿ ಇಲ್ಲ. 1865ರಲ್ಲಿ ಶುರುವಾದ ಸರ್ಕಾರಿ ಮ್ಯೂಸಿಯಂ ಇದೆಯಲ್ಲ, ಕಬ್ಬನ್ ಪಾರ್ಕಿನ ಅಂಚಿನ ಕೆಂಪು ಕಟ್ಟಡ, ಅದರ ಪಕ್ಕದಲ್ಲೇ. 1970ರ ದಶಕದ ಮಧ್ಯದಲ್ಲಿ ಕೆ. ವೆಂಕಟಪ್ಪ ಅವರ ಹೆಸರಿನಲ್ಲಿ, ಅವರ ಕೆಲಸ ಇಡುವುದಕ್ಕೆ ಅಂತಲೇ ಕಟ್ಟಿದ್ದು. ಮೈಸೂರಿನ ಚಿತ್ರಗಾರ ಮನೆತನದ ವೆಂಕಟಪ್ಪ (1886–1965) ಕಲ್ಕತ್ತಕ್ಕೆ ಹೋಗಿ ಅಲ್ಲಿಯ ದೊಡ್ಡ ಚಿತ್ರಕಾರ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತವರು, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತವರು. ಅವರ ಊಟಿಯ ಜಲವರ್ಣ ಚಿತ್ರಗಳನ್ನು ಒಮ್ಮೆ ಹತ್ತಿರ ನಿಂತು ನೋಡಿ. ದೂರದ ಗುಡ್ಡ, ಮಂಜು, ಹುಲ್ಲು. ಮಂಜಿಗೆ ಬಿಳಿ ಬಣ್ಣ ಬಳಿದಂತೆ ಕಾಣುವುದೇ ಇಲ್ಲ, ಗುಡ್ಡವೇ ಮೆಲ್ಲಗೆ ಕರಗಿ ಕಾಗದದಲ್ಲಿ ಸೇರಿಹೋಗುತ್ತದೆ. ಅದೇ ಕೈ ಪ್ಲಾಸ್ಟರ್‌ನಲ್ಲಿ ಉಬ್ಬುಶಿಲ್ಪವನ್ನೂ ಮಾಡಿದೆ. ಒಬ್ಬರ ಕೆಲಸವನ್ನೇ ಒಂದು ಕಡೆ ಇಟ್ಟು ನೋಡಬೇಕು ಅನ್ನುವ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಆದರೆ ಆ ಕಟ್ಟಡದ ದೊಡ್ಡ ಗುಣ ವೆಂಕಟಪ್ಪನವರ ಕೋಣೆಯ ಆಚೆಗೂ ಇದೆ. ಅಲ್ಲಿಯ ಹಾಲ್‌ಗಳನ್ನು ಬದುಕಿರುವ ಕಲಾವಿದರಿಗೆ ಕಡಿಮೆ ಬಾಡಿಗೆಗೆ ಕೊಟ್ಟುಕೊಂಡು ಬಂದರು. ನಾಡಿನ ಬೇರೆ ಬೇರೆ ಊರುಗಳಿಂದ ಬಂದವರಿಗೆ ರಾಜಧಾನಿಯಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ ಅಲ್ಲೇ ಆಗುತ್ತಿತ್ತು. ಖಾಸಗಿ ಗ್ಯಾಲರಿಯವರು ಮಾರಾಟದಲ್ಲಿ ಸಾಮಾನ್ಯವಾಗಿ ಮೂರರಲ್ಲೊಂದು ಪಾಲಿನಿಂದ ಹಿಡಿದು ಅರ್ಧದವರೆಗೆ ಕಮಿಷನ್ ತೆಗೆದುಕೊಳ್ಳುತ್ತಾರೆ. ತಪ್ಪಲ್ಲ, ಅವರದ್ದು ವ್ಯಾಪಾರ, ಬಾಡಿಗೆ ಕರೆಂಟು ಅವರಿಗೂ ಇದೆ. ಆದರೆ ಅದೇ ಕಾರಣಕ್ಕೆ ಮಾರಾಟ ಆಗುತ್ತದೋ ಇಲ್ಲವೋ ಅನ್ನುವ ಲೆಕ್ಕ ಮೊದಲು ಬರುತ್ತದೆ. ಒಂದು ಕಡೆ ನನ್ನ ಕೆಲಸ ನೋಡಿ 'ಇದು ತುಂಬಾ ಲೋಕಲ್' ಅಂದರು. ನನಗೆ ಅವತ್ತು ಬಹಳ ಬೇಜಾರಾಯಿತು. ಸರ್ಕಾರಿ ಹಾಲ್‌ನಲ್ಲಿ ಆ ಮಾತು ಯಾರೂ ಆಡುವುದಿಲ್ಲ. ಅರ್ಜಿ ಹಾಕಿ, ಸರದಿ ಬಂದರೆ ಗೋಡೆ ನಿಮ್ಮದು.

2016ರಲ್ಲಿ ಈ ಗ್ಯಾಲರಿಯನ್ನು ಖಾಸಗಿಯವರ ಕೈಗೆ ಕೊಡುವ ಯೋಜನೆಗೆ ಬೆಂಗಳೂರಿನ ಕಲಾವಿದರು ಯಾಕೆ ಅಷ್ಟು ಜೋರಾಗಿ ವಿರೋಧ ಮಾಡಿದರು ಅಂತ ಆಗ ಎಷ್ಟೋ ಜನಕ್ಕೆ ಅರ್ಥ ಆಗಿರಲಿಲ್ಲ. ಕಟ್ಟಡ ಚೆನ್ನಾಗಿ ಆಗುತ್ತದಲ್ಲ, ಬಿಡಿ ಅಂದವರೂ ಇದ್ದರು. ಲೈಟು, ಗೋಡೆ, ಸೋರುವ ಛಾವಣಿ ಸರಿಯಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರಿಗೆ ಗೋಡೆ ಸಿಗಬೇಕು ಅನ್ನುವ ತೀರ್ಮಾನ ಕೆಲವೇ ಜನರ ಅಭಿರುಚಿಗೆ ಹೋಗಿಬಿಟ್ಟರೆ, ಕೊಪ್ಪಳದಿಂದ ಚಿತ್ರ ಹೊತ್ತು ಬಂದವರು ಗೇಟಿನಲ್ಲೇ ನಿಲ್ಲಬೇಕಾಗುತ್ತದೆ. ಕಲಾವಿದರ ಭಯ ಅದಾಗಿತ್ತು. ನನಗೂ ಇದ್ದದ್ದು ಅದೇ ಭಯ.

ಇನ್ನು ಅಲ್ಲಿಗೆ ಬರುವ ಜನರ ವಿಷಯ. ಮ್ಯೂಸಿಯಂ ಪಕ್ಕದ ಗ್ಯಾಲರಿಗೆ ಚಿತ್ರ ಕೊಳ್ಳುವವರು ಕಡಿಮೆ. ಶಾಲೆ ಟೂರಿನ ಮಕ್ಕಳು, ಪಾರ್ಕಿಗೆ ಬಂದ ಸಂಸಾರ, ಮಳೆ ಬಂತು ಅಂತ ಒಳಗೆ ಬಂದವರು, ಇಂಥವರೇ ಜಾಸ್ತಿ. ನನ್ನ ಒಂದು ಚಿತ್ರದಲ್ಲಿ ರಾಗಿ ಬಣವೆ ಇತ್ತು. ಒಬ್ಬರು ಮಗನನ್ನು ಅದರ ಮುಂದೆ ನಿಲ್ಲಿಸಿಕೊಂಡು, ಬಣವೆ ಒಟ್ಟುವುದು ಹೇಗೆ, ತೆನೆ ಯಾಕೆ ಒಳಮುಖ ಮಾಡಿ ಜೋಡಿಸಬೇಕು, ಮಳೆ ನೀರು ಹೇಗೆ ಜಾರಿ ಹೋಗುತ್ತದೆ ಅಂತ ಎರಡು ಕೈಯಲ್ಲಿ ತೋರಿಸಿ ತೋರಿಸಿ ಹೇಳುತ್ತಿದ್ದರು. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆ ಹುಡುಗ ಮಾತ್ರ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ತೆನೆ ಹುಡುಕುತ್ತಿದ್ದ. ಯಾರಿಗಾಗಿ ಬರೆಯುತ್ತೇನೆ ಅನ್ನುವುದು ನನಗೆ ಅಲ್ಲಿ ಸ್ಪಷ್ಟ ಆಯಿತು. ಇಂಥ ನೋಟ ಎಸಿ ಗ್ಯಾಲರಿಯಲ್ಲಿ ಸಿಗುವುದು ಕಷ್ಟ.

ಈಗ ಮ್ಯೂಸಿಯಂನವರೇ ಕರೆದು ಮಾಡಿಸುವ ಪ್ರದರ್ಶನಕ್ಕೆ ಬರುತ್ತೇನೆ. ಮುಂಬೈನ ಬೈಕುಲ್ಲಾದಲ್ಲಿ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಇದೆ. 1872ರಲ್ಲಿ ತೆರೆದದ್ದು, ಆ ಊರಿನ ಅತ್ಯಂತ ಹಳೆಯ ಮ್ಯೂಸಿಯಂ. ಮಣ್ಣಿನ ಗೊಂಬೆಗಳು, ಮಾದರಿಗಳು, ನಕ್ಷೆಗಳು, ಹಳೆ ಗಾಜಿನ ಬೀರುಗಳು. ರಿಪೇರಿ ಆಗಿ 2008ರಲ್ಲಿ ಮತ್ತೆ ತೆರೆದ ಮೇಲೆ ಅವರು 'ಎಂಗೇಜಿಂಗ್ ಟ್ರೆಡಿಶನ್ಸ್' ಅನ್ನುವ ಸರಣಿ ಶುರು ಮಾಡಿದರು. ಇಂದಿನ ಕಲಾವಿದರನ್ನು ಒಬ್ಬೊಬ್ಬರಾಗಿ ಕರೆಯುವುದು, ನಮ್ಮ ಸಂಗ್ರಹ ನೋಡಿ, ಅದಕ್ಕೆ ನಿಮ್ಮ ಕೆಲಸದಿಂದ ಉತ್ತರ ಕೊಡಿ ಅನ್ನುವುದು. ನನಗೆ ಇದು ತುಂಬಾ ಇಷ್ಟವಾದ ಏರ್ಪಾಟು. ಖಾಲಿ ಬಿಳಿ ಗೋಡೆ ಕೊಟ್ಟು ಕೈತೊಳೆದುಕೊಳ್ಳುವುದಲ್ಲ ಅದು. ಹಿಂದಿನವರು ಮಾಡಿದ ವಸ್ತುಗಳ ಪಕ್ಕದಲ್ಲಿ ನಿಂತು ಮಾತಾಡಬೇಕು.

ಆ ಸರಣಿಯಲ್ಲಿ ನಮ್ಮ ಕರ್ನಾಟಕದವರು ಇಬ್ಬರಿದ್ದಾರೆ. 2011ರಲ್ಲಿ ಎಲ್.ಎನ್. ತಲ್ಲೂರ್, ಕುಂದಾಪುರ ಹತ್ತಿರದ ಕೋಟೇಶ್ವರದವರು, ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಓದಿದವರು. ಆಮೇಲೆ ಬರೋಡಾದಲ್ಲಿ ಮ್ಯೂಸಿಯಾಲಜಿಯನ್ನೇ ಓದಿದರು, ಅಂದರೆ ಮ್ಯೂಸಿಯಂ ಹೇಗೆ ನಡೆಯುತ್ತದೆ ಅಂತ ಒಳಗಿನಿಂದ ಬಲ್ಲವರು. ಮರುವರ್ಷ ರಂಜನಿ ಶೆಟ್ಟರ್, ನಮ್ಮ ಚಿತ್ರಕಲಾ ಪರಿಷತ್ತಿನಲ್ಲಿ ಶಿಲ್ಪ ಕಲಿತವರು. ಅವರಿಗೆ ಅದಕ್ಕೂ ಮುಂಚೆ 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಧುನಿಕ ಕಲಾ ಮ್ಯೂಸಿಯಂ ತನ್ನ 'ನ್ಯೂ ವರ್ಕ್' ಸರಣಿಯಲ್ಲಿ ಏಕವ್ಯಕ್ತಿ ಪ್ರದರ್ಶನ ಕೊಟ್ಟಿತ್ತು. 2018ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲೂ ಅವರ ಒಂದು ದೊಡ್ಡ ಕೃತಿಯನ್ನೇ ಇಟ್ಟು ಪ್ರದರ್ಶನ ಆಯಿತು.

ಇದನ್ನು ನಿಮಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ರಂಜನಿ ಅವರು ಬಳಸುವ ಸಾಮಾನು ನೋಡಿ. ಜೇನುಮೇಣ, ಬಣ್ಣ ಕಟ್ಟಿದ ದಾರ, ಮರ, ಅರಗು. ಕೆಲವು ಕೃತಿಗಳಲ್ಲಿ ಸ್ಟೀಲಿನ ಸರಳಿಗೆ ತೆಳು ಮಸ್ಲಿನ್ ಬಟ್ಟೆ ಸುತ್ತಿ, ಹುಣಸೆ ಬೀಜದ ಪುಡಿಯ ಸರಿ ಬಳಿದು ಬಿಗಿ ಮಾಡಿದ್ದಾರೆ. ಹುಣಸೆ ಬೀಜದ ಸರಿ! ನಿಮ್ಮ ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ಗೊಂಬೆಗೆ ಕಿಟ್ಟ, ಅಂದರೆ ಆಕಾರ ತುಂಬುವ ಅಂಟು ಮುದ್ದೆ, ಮೆತ್ತುವುದಕ್ಕೆ ಬಳಸುವುದೂ ಅದನ್ನೇ ಅಲ್ವಾ? ವೆಂಕಟಪ್ಪನವರೂ ಚಿತ್ರಗಾರ ಮನೆತನದವರೇ ಅಂತ ಮೇಲೆ ಹೇಳಿದೆ. ಹೊರಗಿನ ಮ್ಯೂಸಿಯಂನವರು ಕರೆಯುತ್ತಾರೆ ಅಂತ ನಮ್ಮ ಊರಿನದ್ದನ್ನು ಬಿಟ್ಟು ಬೇರೆ ಯಾವುದೋ ಭಾಷೆಯಲ್ಲಿ ಚಿತ್ರ ಬರೆಯಬೇಕಾಗಿಲ್ಲ. ನಮ್ಮ ಕೈಗೆ ಚೆನ್ನಾಗಿ ಗೊತ್ತಿರುವುದನ್ನು ಯಾರೂ ಮಾಡದಷ್ಟು ಮುಂದಕ್ಕೆ ಒಯ್ದರೆ ಅದೇ ಕರೆಸಿಕೊಳ್ಳುತ್ತದೆ.

ಬೆಂಗಳೂರಿನಲ್ಲೂ ಈಗ ಇದು ಶುರುವಾಗಿದೆ. 2023ರ ಫೆಬ್ರುವರಿಯಲ್ಲಿ ಅದೇ ಕಸ್ತೂರಬಾ ರಸ್ತೆಯಲ್ಲಿ ಮ್ಯಾಪ್ ಅನ್ನುವ ಕಲೆ ಮತ್ತು ಫೋಟೋಗಳ ಖಾಸಗಿ ಮ್ಯೂಸಿಯಂ ಬಾಗಿಲು ತೆರೆದಾಗ ಮೊದಮೊದಲ ಪ್ರದರ್ಶನಗಳಲ್ಲಿ ಒಂದು ತಲ್ಲೂರ್ ಅವರದ್ದಾಗಿತ್ತು. ಸಂತೋಷ. ಆದರೆ ನನ್ನ ಆಸೆ ಇನ್ನೂ ಚಿಕ್ಕದು, ಇನ್ನೂ ಹತ್ತಿರದ್ದು. ನಮ್ಮ ಜಿಲ್ಲೆಗಳಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿವೆ. ಒಳಗೆ ಹೋದರೆ ವೀರಗಲ್ಲು, ಶಾಸನ, ಕೈ ಮುರಿದ ವಿಗ್ರಹ. ಅವು ಇರಲೇಬೇಕು. ಅದರ ಜೊತೆಗೆ ಒಂದೇ ಒಂದು ಕೋಣೆ ಬಿಟ್ಟುಕೊಟ್ಟು, ವರ್ಷಕ್ಕೆ ಮೂರೋ ನಾಲ್ಕೋ ಜನ ಆ ಜಿಲ್ಲೆಯ ಕಲಾವಿದರಿಗೆ ಎರಡೆರಡು ತಿಂಗಳು ಕೊಟ್ಟರೆ ಎಷ್ಟು ಖರ್ಚಾದೀತು? ನಾಲ್ಕು ಲೈಟು, ಒಂದು ಚೊಕ್ಕ ಗೋಡೆ, ಕನ್ನಡದಲ್ಲಿ ಒಂದು ಕೈಪಿಡಿ. ಅದೇ ಊರಿನ ಶಾಲೆ ಮಕ್ಕಳು ತಮ್ಮ ಊರಿನವರೇ ಬರೆದ ಚಿತ್ರವನ್ನು ಮ್ಯೂಸಿಯಂನಲ್ಲಿ ನೋಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಕಲಾವಿದರು ಕಡಿಮೆ ಇದ್ದಾರಾ? ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಅವರು ಸ್ವಾತಂತ್ರ್ಯಕ್ಕೆ ಮುಂಚೆಯೇ ಕಲಾಶಾಲೆ ಕಟ್ಟಿದರು. ಎಸ್.ಎಂ. ಪಂಡಿತರು ಕಲಬುರಗಿಯವರು. ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿ ಎಷ್ಟೋ ಜನರನ್ನು ಬೆಳೆಸಿದ ಆರ್.ಎಂ. ಹಡಪದ ಅವರು ನಿಮ್ಮ ಪಕ್ಕದ ಬಾದಾಮಿಯವರು. ಪ್ರತಿಭೆ ಅಲ್ಲಿ ಹುಟ್ಟುತ್ತದೆ, ಗೋಡೆ ಇಲ್ಲಿ ಇದೆ. ಇದು ಬದಲಾಗಬೇಕು ಅಂತ ನಾನು ಸಿಕ್ಕ ಸಿಕ್ಕ ಕಡೆ ಹೇಳುತ್ತಲೇ ಇರುತ್ತೇನೆ, ನೀವೂ ನಿಮ್ಮ ಜಿಲ್ಲೆಯಲ್ಲಿ ಕೇಳಿ.

ಸರಿ, ನೀವು ಏನು ಮಾಡಬಹುದು ಅನ್ನುವುದಕ್ಕೆ ಬರೋಣ. ಸುಮ್ನೆ ಇರುವ ಚಿತ್ರಗಳನ್ನೆಲ್ಲ ಸೇರಿಸಿ ಅರ್ಜಿ ಹಾಕಬೇಡಿ. ಮೊದಲು ಮನೆಯಲ್ಲಿ ಎಲ್ಲವನ್ನೂ ನೆಲದ ಮೇಲೆ ಹರಡಿ. ಯಾವುದು ಯಾವುದರ ಜೊತೆ ಮಾತಾಡುತ್ತದೆ ನೋಡಿ. ಹದಿನೈದು ಇಪ್ಪತ್ತು ಒಂದಕ್ಕೊಂದು ಹೊಂದುವ ಕೆಲಸ ಸಿಕ್ಕರೆ ಸಾಕು, ಎಷ್ಟೇ ಇಷ್ಟವಾದ ಚಿತ್ರವಾದರೂ ಉಳಿದವುಗಳ ಜೊತೆ ಸೇರದಿದ್ದರೆ ಬದಿಗಿಡಿ. ಹಗಲು ಬೆಳಕಿನಲ್ಲಿ, ನೆರಳಿನಲ್ಲಿ ಇಟ್ಟು, ನೇರವಾಗಿ ಎದುರಿನಿಂದ ಫೋಟೋ ತೆಗೆಯಿರಿ. ಪ್ರತಿ ಚಿತ್ರಕ್ಕೂ ಹೆಸರು, ಮಾಧ್ಯಮ, ಅಳತೆ, ವರ್ಷ. ಜೊತೆಗೆ ಒಂದು ಪುಟದ ಟಿಪ್ಪಣಿ. ಅದನ್ನು ಮೊದಲು ಕನ್ನಡದಲ್ಲೇ ಬರೆಯಿರಿ, ನಿಮ್ಮ ಅವ್ವನಿಗೆ ಹೇಳಿದರೆ ತಿಳಿಯುವ ಹಾಗೆ. ಇಂಗ್ಲಿಷ್ ಬೇಕಾದರೆ ಆಮೇಲೆ ಯಾರಿಂದಾದರೂ ಮಾಡಿಸಬಹುದು.

ಎಲ್ಲಿ ಕೇಳಬೇಕು? ಲಲಿತಕಲಾ ಅಕಾಡೆಮಿಯ ಪ್ರಕಟಣೆಗಳನ್ನು ಬಿಡದೆ ನೋಡುತ್ತಿರಿ. ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳನ್ನು ವಿಚಾರಿಸಿ. ವೆಂಕಟಪ್ಪ ಗ್ಯಾಲರಿಗೆ ಹೊರಡುವ ಮುಂಚೆ ಹಾಲ್ ಕೊಡುತ್ತಿದ್ದಾರಾ ಅಂತ ಪುರಾತತ್ವ ಇಲಾಖೆಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ, ಸುಮ್ನೆ ಅಷ್ಟು ದೂರ ಬಂದು ವಾಪಸ್ ಹೋಗಬಾರದು. ಎಲ್ಲಿಯಾದರೂ ಸರಿ, ಒಂದು ವರ್ಷ ಮುಂಚೆಯೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಸಾಗಿಸುವುದು ದೊಡ್ಡ ತಲೆನೋವು. ದೊಡ್ಡ ಕ್ಯಾನ್ವಾಸ್ ಇದ್ದರೆ ಚೌಕಟ್ಟಿನಿಂದ ಬಿಚ್ಚಿ ಸುತ್ತಿಕೊಂಡು ಬನ್ನಿ, ಇಲ್ಲಿ ಮತ್ತೆ ಬಿಗಿ ಮಾಡಿಸಿಕೊಳ್ಳಬಹುದು. ಸುತ್ತುವಾಗ ಬಣ್ಣದ ಮುಖ ಹೊರಗೆ ಬರಬೇಕು. ಎಲ್ಲರಿಗೂ ಒಳಗೆ ಇದ್ದರೆ ಭದ್ರ ಅನ್ನಿಸುತ್ತದೆ, ಆದರೆ ಒಳಗೆ ಸುತ್ತಿದರೆ ಬಣ್ಣದ ಪದರ ಒತ್ತಿಕೊಂಡು ಸುಕ್ಕು ಬೀಳುತ್ತದೆ, ದಪ್ಪ ಬಣ್ಣವಾದರೆ ಉದುರಿಯೂ ಹೋಗುತ್ತದೆ. ಸಣ್ಣ ಕೊಳವೆಗೆ ಸುತ್ತಬೇಡಿ, ಅಗಲದ್ದು ಹುಡುಕಿ. ಜಲವರ್ಣ ಆದರೆ ಫ್ರೇಮ್ ಇಲ್ಲೇ ಹಾಕಿಸಿ, ದಾರಿಯಲ್ಲಿ ಗಾಜು ಒಡೆದರೆ ಕಾಗದವೂ ಹರಿಯುತ್ತದೆ. ಎಲ್ಲದಕ್ಕೂ ಒಂದೇ ಥರದ ಸರಳ ಫ್ರೇಮ್ ಸಾಕು, ಕೆತ್ತನೆಯದ್ದು ಬೇಡ.

ತೂಗು ಹಾಕುವಾಗ ಚಿತ್ರದ ಮಧ್ಯಭಾಗ ನೆಲದಿಂದ 57ರಿಂದ 60 ಇಂಚು ಎತ್ತರಕ್ಕೆ ಬರುವಂತೆ ನೋಡಿಕೊಳ್ಳಿ. ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ ಅನುಸರಿಸುವ ಲೆಕ್ಕ ಇದು, ನಿಂತವರ ಕಣ್ಣಿನ ಮಟ್ಟ. ಮನೆಯಲ್ಲಿ ದೇವರ ಪಟ ಹಾಕಿದ ಹಾಗೆ ಮೇಲಕ್ಕೆ ಹಾಕುವುದು ನಮ್ಮಲ್ಲಿ ಬಹಳ ಜನರ ಅಭ್ಯಾಸ. ಚಿತ್ರದ ನಡುವೆ ಜಾಗ ಬಿಡಿ. ಇಪ್ಪತ್ತು ತಂದು ಹದಿನಾಲ್ಕೇ ಹಾಕಿದರೂ ನಷ್ಟ ಇಲ್ಲ. ಉದ್ಘಾಟನೆಗೆ ದೊಡ್ಡವರನ್ನು ಹುಡುಕಿಕೊಂಡು ಓಡಾಡುವ ಸಮಯವನ್ನು ಲೈಟು ಸರಿ ಮಾಡುವುದಕ್ಕೆ ಕೊಡಿ. ಮತ್ತೆ, ದಿನವೂ ಹಾಲ್‌ನಲ್ಲೇ ಇರಿ. ಬಂದವರ ಹಿಂದೆ ಹಿಂದೆ ಹೋಗಿ ವಿವರಿಸಬೇಡಿ, ಕೇಳಿದರೆ ಮಾತ್ರ ಹೇಳಿ. ಯಾರು ಎಲ್ಲಿ ನಿಲ್ಲುತ್ತಾರೆ, ಯಾವುದನ್ನು ದಾಟಿ ಹೋಗುತ್ತಾರೆ ಅಂತ ಗಮನಿಸುತ್ತಿದ್ದರೆ ಮುಂದಿನ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ.

ಮಾರಾಟ ಆಗುತ್ತಾ ಅಂತ ನೀವು ನೇರವಾಗಿ ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ಸರ್ಕಾರಿ ಹಾಲ್‌ನಲ್ಲಿ ಅದನ್ನು ನಂಬಿ ಸಾಲ ಮಾಡಬೇಡಿ. ಮಾರುವುದೇ ಮುಖ್ಯವಾದರೆ ಜನವರಿಯ ಮೊದಲ ಭಾನುವಾರದ ಹೊತ್ತಿಗೆ ನಡೆಯುವ ಚಿತ್ರಸಂತೆ ಇದೆ, ಕುಮಾರಕೃಪಾ ರಸ್ತೆ ತುಂಬ ಜನ, ಅಲ್ಲಿ ಕೊಳ್ಳುವವರೂ ಬರುತ್ತಾರೆ. ಏಕವ್ಯಕ್ತಿ ಪ್ರದರ್ಶನದ ಫಲ ನಿಧಾನ. ನಿಮ್ಮ ಹೆಸರಿನಲ್ಲಿ ಒಂದು ಕ್ಯಾಟಲಾಗ್ ಉಳಿಯುತ್ತದೆ, ಪತ್ರಿಕೆಯವರು ಯಾರಾದರೂ ಬರೆದರೆ ಅದು ಉಳಿಯುತ್ತದೆ, ಮುಂದೆ ಫೆಲೋಶಿಪ್‌ಗೋ ಇನ್ನೊಂದು ಮ್ಯೂಸಿಯಂಗೋ ಅರ್ಜಿ ಹಾಕಿದಾಗ ನಿಮ್ಮನ್ನು ಗುರುತಿಸುವುದಕ್ಕೆ ಅವರಿಗೆ ಒಂದು ಆಧಾರ ಸಿಗುತ್ತದೆ. ಇನ್‌ಸ್ಟಾಗ್ರಾಮ್ ಬಿಡಬೇಡಿ, ಜನರನ್ನು ಹಾಲ್‌ಗೆ ಕರೆಯುವುದಕ್ಕೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ನಿಮ್ಮ ಮಾಧ್ಯಮ ಯಾವುದು, ಚಿತ್ರಗಳ ಅಳತೆ ಎಷ್ಟು ಅಂತ ನೀವು ಬರೆದಿಲ್ಲ. ಕೆಳಗೆ ತಿಳಿಸಿ, ಸಾಧ್ಯವಾದರೆ ನಾಲ್ಕೈದು ಫೋಟೋ ಹಾಕಿ. ಯಾವ ಹಾಲ್‌ಗೆ ಹೊಂದುತ್ತದೆ, ಅರ್ಜಿಯಲ್ಲಿ ಏನು ಮೊದಲು ಇಡಬೇಕು ಅಂತ ನೋಡಿ ಹೇಳುತ್ತೇನೆ.